ಉಗ್ರಾಣದಲ್ಲಿ ಹೊಸ ಮೂಟೆ ಯಾವುದು?

ಯಾದಗಿರಿಯ ಅಡತಿ ಅಂಗಡಿಯೊಂದರಲ್ಲಿ ತೊಗರಿಯ ಮೂಟೆಗಳು ತುಂಬಿ ಕಾಲಿಡಲೂ ಎಡೆಯಿಲ್ಲದಾಯಿತೆನ್ನಿ. ಯಜಮಾನರು ಗುಮಾಸ್ತನನ್ನು ಕರೆದು ಎರಡು ಪ್ರಶ್ನೆ ಕೇಳುತ್ತಾರೆ: ದೊಡ್ಡ ಮೂಟೆಗಳು ಯಾವುವು? ಅವುಗಳಲ್ಲಿ ಈ ವಾರ ಬಂದವು ಯಾವುವು? ವಾಚಕರೇ, ಗಣಕಯಂತ್ರದ ಉಗ್ರಾಣ ತುಂಬಿದಾಗ ತಾವು ಕೇಳಬೇಕಾದ ಪ್ರಶ್ನೆಗಳೂ ಇವೇ.

ಇದನ್ನು ನಾನು ಕಲಿತದ್ದು ನಷ್ಟದಿಂದ. ನಾನು ಪಾಠ ಹೇಳುತ್ತಿದ್ದ ಶಾಲೆಯೊಂದರ ಗಣಕವು ಒಂದು ಬೆಳಗ್ಗೆ ‘ಸ್ಥಳವಿಲ್ಲ’ ಎಂದು ಹಟ ಹಿಡಿಯಿತು. ಅಂಕಪಟ್ಟಿ ಕಳುಹಿಸಲು ಅಂದೇ ಕೊನೆಯ ದಿನ. ಅವಸರದಲ್ಲಿ ಅತಿ ದೊಡ್ಡ ಕಡತಗಳನ್ನು ಹುಡುಕಿ ಅಳಿಸಿಬಿಟ್ಟೆವು. ಅವು, ಶಹಾಪುರ ಸುರಪುರಗಳ ಹಳ್ಳಿಗಳಲ್ಲಿ ಅಜ್ಜಿಯರು ಹಾಡಿದ್ದನ್ನು ಮಕ್ಕಳು ಮುದ್ರಿಸಿ ತಂದಿದ್ದ ಬೀಸುವ ಪದಗಳು! ಮೂರು ವರ್ಷ ಯಾರಿಗೂ ತೊಂದರೆ ಕೊಡದೆ ಇದ್ದವು. ನಿಜವಾದ ಕಳ್ಳ ಬೇರೆಯೇ: ಯಂತ್ರವು ತನಗೆ ತಾನೇ ಬರೆದುಕೊಳ್ಳುವ ದಿನಚರಿಯ ಕಡತ, ಎರಡೇ ದಿನದಲ್ಲಿ ಉಬ್ಬಿ ಕುಳಿತಿತ್ತು. ದೊಡ್ಡದಾಗಿರುವುದು ಅಪರಾಧವಲ್ಲ, ಮೊನ್ನೆ ಮೊನ್ನೆ ದೊಡ್ಡದಾದುದರ ಮೇಲೆ ಮೊದಲು ಸಂಶಯಪಡಬೇಕು.

ಯೂನಿಕ್ಸ್ ಎಂಬುದು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ವ್ಯವಸ್ಥೆ. 1991ರಲ್ಲಿ ಹುಟ್ಟಿದ ಲಿನಕ್ಸ್ ಅದೇ ಸಂಪ್ರದಾಯದ್ದು. ನಮ್ಮ ಆಜ್ಞೆಯನ್ನು ಯಂತ್ರಕ್ಕೆ ತಿಳಿಸುವ ದುಭಾಷಿಗೆ ಅಲ್ಲಿ ‘ಶೆಲ್’ ಎಂದು ಹೆಸರು. ಆಜ್ಞೆಗಳನ್ನು ಸಾಲಾಗಿ ಒಂದು ಕಡತದಲ್ಲಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ವ್ಯಾಕರಣದ ಸೂತ್ರದಂತೆ, ಒಮ್ಮೆ ಬರೆದರೆ ಬೇಕೆಂದಾಗಲೆಲ್ಲ ಅನ್ವಯಿಸಬಹುದು.

ಹುಡುಕುವ ಆಜ್ಞೆಯ ಹೆಸರು ‘ಫೈಂಡ್’. ಅದರ ಮುಂದೆ ಹುಡುಕಬೇಕಾದ ಸ್ಥಳವನ್ನು ಹೇಳಬೇಕು. ಇಡೀ ಯಂತ್ರವೇ ಆದರೆ ಒಂದು ಓರೆಗೆರೆ ಸಾಕು. ಆದರೆ ಬೀಗ ಹಾಕಿದ ಕೋಣೆಗಳನ್ನು ನೋಡಲು ಮೇಲ್ವಿಚಾರಕರ ಅಧಿಕಾರ ಬೇಕಾಗುತ್ತದೆ. ಬಳಿಕ, ಒಂದೊಂದರ ಹಿಂದೆಯೂ ಕಿರುಗೆರೆಯಿಟ್ಟು, ವಿಶೇಷಣಗಳನ್ನು ಸೇರಿಸಬೇಕು. ‘ಟೈಪ್ ಎಫ್’ ಎಂದರೆ ಕಡತಗಳು ಮಾತ್ರ. ‘ಸೈಜ್ +100ಎಂ’ ಎಂದರೆ, ಲಿನಕ್ಸಿನಲ್ಲಿ, 100 ಮೆಗಾಬೈಟಿಗೆ ಮಿಕ್ಕವು. ‘ಎಂಟೈಮ್ -7’ ಎಂದರೆ ಏಳು ದಿನಗಳೊಳಗೆ ಬದಲಾದವು. ಕೂಡುವ ಚಿಹ್ನೆಗೆ ‘ಹೆಚ್ಚು’, ಕಳೆಯುವ ಚಿಹ್ನೆಗೆ ‘ಕಡಿಮೆ’ ಎಂದು ಅರ್ಥ. ಗಾತ್ರಕ್ಕೊಂದು, ಕಾಲಕ್ಕೊಂದು, ಹೀಗೆ ಎರಡು ಸಾಣಿಗೆ ಹಿಡಿದಂತಾಯಿತು. ಎರಡರಲ್ಲೂ ಉಳಿದದ್ದೇ ನಮಗೆ ಬೇಕಾದ ಕಾಳು. ಹೀಗೆ ಸಿಕ್ಕವನ್ನು ‘ಡಿಯು’ ಅಳೆಯುತ್ತದೆ, ‘ಸಾರ್ಟ್’ ಗಾತ್ರದ ಕ್ರಮದಲ್ಲಿ ನಿಲ್ಲಿಸುತ್ತದೆ, ‘ಹೆಡ್’ ಮೊದಲ ಹತ್ತನ್ನು ಮಾತ್ರ ತೋರಿಸುತ್ತದೆ. ಸ್ಕ್ರಿಪ್ಟನ್ನು ‘ಕ್ರಾನ್’ ಎಂಬ ಜಾಗಟೆಯವನಿಗೆ ಒಪ್ಪಿಸಿದರೆ ದಿನವೂ ಗೊತ್ತಾದ ಹೊತ್ತಿಗೆ ನಡೆಸುತ್ತಾನೆ.

ಎರಡು ಎಚ್ಚರಿಕೆ. ‘ಎಂಟೈಮ್’ ಹೇಳುವುದು ಕಡತದ ಒಳಗಿನದು ಕೊನೆಗೆ ಬದಲಾದ ಕಾಲವನ್ನು, ಹುಟ್ಟಿದ ಕಾಲವನ್ನಲ್ಲ. ಹಳೆಯ ಕಡತವನ್ನು ಸುಮ್ಮನೆ ನಕಲು ಮಾಡಿದರೆ ಆ ನಕಲು ಹೊಸದರಂತೆ ಕಾಣುತ್ತದೆ. ಎರಡನೆಯದು, ಸ್ಕ್ರಿಪ್ಟು ಪಟ್ಟಿ ಕೊಡಲಿ. ಅಳಿಸುವ ಕೆಲಸ ಮನುಷ್ಯನದಿರಲಿ. ‘ಆರ್‌ಎಂ’ ಆಜ್ಞೆಯಿಂದ ಅಳಿಸಿದ್ದು ಕಸದ ಬುಟ್ಟಿಗೆ ಹೋಗಿ ಕಾಯುವುದಿಲ್ಲ. ಬೇರೆಡೆ ಪ್ರತಿಯಿಲ್ಲದಿದ್ದರೆ ಹೋದಂತೆಯೇ ಸರಿ.

ನಾವು ಮತ್ತೆ ಹಳ್ಳಿಗಳಿಗೆ ಹೋಗಿ ಕೆಲವು ಹಾಡುಗಳನ್ನು ಮುದ್ರಿಸಿ ತಂದೆವು. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಅಷ್ಟರಲ್ಲಿ ತೀರಿಕೊಂಡಿದ್ದರು.