ಮಾಸಿಹೋಗುತ್ತಿರುವ ಹೃದಯದ ಗೆರೆಗಳು

ಇಸಿಜಿ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡಿ. ನಸುಗೆಂಪು ಚೌಕಗಳ ಮೇಲೆ ಏರಿಳಿಯುವ ಗೆರೆಗಳು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡಿರುತ್ತದೆ. ಹಾಗಾಗಿ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಎತ್ತರದಲ್ಲಿ 10 ಮಿಲಿಮೀಟರಿಗೆ ಒಂದು ಮಿಲಿವೋಲ್ಟ್. ಅಂಚಿನಲ್ಲಿ, ಕಣ್ಣು ಕಿರಿದಾಗಿಸಿ ಓದಬೇಕಾದ ಅಕ್ಷರಗಳಲ್ಲಿ, ಫಿಲ್ಟರ್ 40 ಹರ್ಟ್ಸ್ ಎಂದೋ 150 ಹರ್ಟ್ಸ್ ಎಂದೋ ಇರುತ್ತದೆ. ಬಹುಪಾಲು ಆಸ್ಪತ್ರೆಗಳಲ್ಲಿ ಇದು ಶಾಖ ತಗುಲಿ ಅಚ್ಚಾಗುವ ಥರ್ಮಲ್ ಕಾಗದ. ಕೆಲವು ವರ್ಷ ಬೀರುವಿನಲ್ಲಿದ್ದರೆ ಗೆರೆ ಮಾಸುತ್ತದೆ. ಅದಕ್ಕೇ ಡಾಕ್ಟರು ‘ಒಂದು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ’ ಅನ್ನುತ್ತಾರೆ.

ಆದರೆ ನಿಜವಾದ ನಷ್ಟ ಆಗುವುದು ಕಾಗದ ಮಾಸುವುದಕ್ಕೂ ಮೊದಲು, ಅಚ್ಚಾಗುವ ಗಳಿಗೆಯಲ್ಲೇ. ಯಂತ್ರ ಹತ್ತು ಸೆಕೆಂಡಿನ ಕಾಲ ಹನ್ನೆರಡು ಲೀಡ್‌ಗಳಿಂದಲೂ, ಅಂದರೆ ಹನ್ನೆರಡು ಕೋನಗಳಿಂದ, ಹೃದಯದ ವಿದ್ಯುತ್ತನ್ನು ಅಳೆಯುತ್ತದೆ. ಸೆಕೆಂಡಿಗೆ 500 ಸಲ ಅಳೆದರೆ ಒಟ್ಟು 60,000 ಅಂಕಿಗಳು. ಮಾಮೂಲಿ ಒಂದು ಪುಟದ ಅಚ್ಚಿನಲ್ಲಿ ಒಂದೊಂದು ಲೀಡ್‌ಗೆ ಸಿಗುವುದು ಎರಡೂವರೆ ಸೆಕೆಂಡಿನ ಜಾಗ. ಕೆಳಗಿನ ಉದ್ದನೆಯ ಪಟ್ಟಿಯೊಂದು ಮಾತ್ರ ಪೂರ್ತಿ ಹತ್ತು ಸೆಕೆಂಡು ತೋರಿಸುತ್ತದೆ. ಉಳಿದ ಲೀಡ್‌ಗಳ ಮುಕ್ಕಾಲು ಭಾಗವನ್ನು ಯಾರೂ ನೋಡುವುದಿಲ್ಲ. ಯಂತ್ರದ ನೆನಪು ತುಂಬಿದಾಗ ಅಂಕಿಗಳೂ ಅಳಿಸಿಹೋಗುತ್ತವೆ. ಈ 60,000 ಅಂಕಿಗಳನ್ನು ಹಾಗೆಯೇ ಉಳಿಸಲು ಬೇಕಾಗುವುದು ಸುಮಾರು 120 ಕಿಲೋಬೈಟ್. ಅದೇ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಅದರ ಹತ್ತಾರು ಪಟ್ಟು ಜಾಗ ಹಿಡಿಯುತ್ತದೆ. ಜಾಗ ಹೆಚ್ಚು, ಮಾಹಿತಿ ಕಡಿಮೆ.

ಹೃದಯದ ಗೆರೆಯನ್ನು ದೂರಕ್ಕೆ ಕಳಿಸುವ ಕೆಲಸ ಇಸಿಜಿಯಷ್ಟೇ ಹಳೆಯದು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿಲ್ಲೆಂ ಐಂಥೋವನ್ ಕಟ್ಟಿದ ಯಂತ್ರ ಎತ್ತಿ ಸಾಗಿಸುವಂಥದ್ದಾಗಿರಲಿಲ್ಲ. ಹಾಗಾಗಿ 1905ರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿದ್ದವರ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಹಂಚಿಕೊಂಡ ಇಸಿಜಿಯಿಂದ ವಿಜ್ಞಾನ ಹೇಗೆ ಬೆಳೆಯುತ್ತದೆ ಎಂಬುದನ್ನು ತೋರಿಸಿದವರು ಅಮೆರಿಕದ ಬಾಸ್ಟನ್ನಿನವರು. ಅಲ್ಲಿನ ಬೆತ್ ಇಸ್ರೇಲ್ ಆಸ್ಪತ್ರೆ ಮತ್ತು ಎಂಐಟಿ ಸೇರಿ 47 ಜನರ 48 ದಾಖಲೆಗಳನ್ನು ಆರಿಸಿದವು, ಒಂದೊಂದೂ ಅರ್ಧ ಗಂಟೆಯದು. ಇಬ್ಬರು ತಜ್ಞರು ಪ್ರತ್ಯೇಕವಾಗಿ ಕೂತು ಪ್ರತಿ ಬಡಿತಕ್ಕೂ ಗುರುತು ಹಾಕಿದರು. ಎಲ್ಲಿ ಇಬ್ಬರ ಅಭಿಪ್ರಾಯ ಬೇರೆಯಾಯಿತೋ ಅಲ್ಲಿ ಚರ್ಚಿಸಿ ಒಮ್ಮತಕ್ಕೆ ಬಂದರು. ಒಟ್ಟು ಸುಮಾರು 1,10,000 ಗುರುತುಗಳು. 1980ರಲ್ಲಿ ಅದನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ಬೇರೆಯವರಿಗೂ ಕೊಡತೊಡಗಿದರು. ಹೃದಯದ ಲಯ ತಪ್ಪಿದ್ದನ್ನು ಪತ್ತೆ ಮಾಡುವ ತಂತ್ರಾಂಶಗಳನ್ನು ಒಂದೇ ಒರೆಗಲ್ಲಿಗೆ ಹಚ್ಚಿ ನೋಡಲು ಸಾಧ್ಯವಾದದ್ದು ಆಮೇಲೆ. ನಲವತ್ತೆಂಟೇ ದಾಖಲೆಗಳು! ಇವತ್ತಿಗೂ ಸಂಶೋಧಕರು ಅವನ್ನೇ ಬಳಸುತ್ತಾರೆ. ಸಂಖ್ಯೆಗಿಂತ ಆ ಶ್ರದ್ಧೆ ದೊಡ್ಡದು ಎಂದು ನನಗನಿಸುತ್ತದೆ.

ಇಸಿಜಿ ಕಡತಗಳಿಗೆ ಏಕರೂಪದ ಮಾನದಂಡ ಏಕೆ ಬೇಕು ಎಂಬುದಕ್ಕೆ ಒಂದು ಮಾತ್ರೆಯ ಕತೆ ಸಾಕು. ಅಲರ್ಜಿಗೆ ಕೊಡುತ್ತಿದ್ದ ಟೆರ್ಫೆನಡಿನ್, ಬೇರೆ ಕೆಲವು ಔಷಧಗಳ ಜತೆ ಸೇರಿದಾಗ ಇಸಿಜಿಯಲ್ಲಿ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಕ್ಯುಟಿ ಅವಧಿಯನ್ನು ಅಪಾಯಕಾರಿಯಾಗಿ ಹಿಗ್ಗಿಸಿ, ಹೃದಯದ ಲಯವನ್ನೇ ಕೆಡಿಸುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆಯಬೇಕಾಯಿತು. ಹೊಸ ಔಷಧ ತರುವ ಕಂಪನಿ ‘ಕ್ಯುಟಿ ಇಷ್ಟಿತ್ತು’ ಎಂದು ಕೊಟ್ಟ ಸಂಖ್ಯೆಯನ್ನಷ್ಟೇ ನಂಬಿದರೆ ಸಾಲದು, ಎಲ್ಲಿಂದ ಎಲ್ಲಿಗೆ ಅಳೆದರು ಎಂಬುದೂ ಗೆರೆಯ ಮೇಲೇ ಕಾಣಬೇಕು ಎಂದು ಅಲ್ಲಿನ ಔಷಧ ನಿಯಂತ್ರಕರು ಕೇಳಿದರು. ಹಾಗೆ 2004ರಲ್ಲಿ ಎಚ್‌ಎಲ್7 ಸಂಸ್ಥೆಯ ಟಿಪ್ಪಣಿಸಹಿತ ಇಸಿಜಿ ಮಾನದಂಡ ಬಂತು. ಯುರೋಪಿನವರು ಅದಕ್ಕೂ ಮೊದಲೇ ಎಸ್‌ಸಿಪಿ-ಇಸಿಜಿ ರೂಪಿಸಿದ್ದರು. ಸ್ಕ್ಯಾನಿಂಗ್ ಚಿತ್ರಗಳಿಗೆ ಬಳಸುವ ಡೈಕಾಮ್‌ನಲ್ಲೂ ಇಸಿಜಿಗೆ ಜಾಗವಿದೆ. ಮಾನದಂಡಗಳಿಗೆ ಬರವಿಲ್ಲ. ಯಂತ್ರ ತಯಾರಕರು ತಂತಮ್ಮದೇ ಬೀಗ ಹಾಕಿದ ಕಡತಗಳನ್ನು ಬಿಟ್ಟುಕೊಡದಿರುವುದೇ ತೊಡಕು.

ಬೀಗ ತೆಗೆದರೂ ಕೆಲಸ ಮುಗಿಯುವುದಿಲ್ಲ. ಒಬ್ಬ ವೈದ್ಯರು ‘ಓಲ್ಡ್ ಎಂಐ’ (ಹಳೆಯ ಹೃದಯಾಘಾತ) ಎಂದಷ್ಟೇ ಬರೆದಿರುತ್ತಾರೆ, ಇನ್ನೊಬ್ಬರು ಹೃದಯದ ಯಾವ ಗೋಡೆ ಎಂಬುದನ್ನೂ ಹೇಳಿರುತ್ತಾರೆ. ಇವೆರಡೂ ಒಂದೇ ಬಗೆಯವೆಂದು ಕಂಪ್ಯೂಟರಿಗೆ ತಿಳಿಯಬೇಕಾದರೆ ಸ್ನೋಮೆಡ್ ಸಿಟಿಯಂಥ ಸಂಕೇತಪಟ್ಟಿ ಬೇಕು. ಫಿಲ್ಟರ್ ಯಾವುದಿತ್ತು ಎಂಬುದೂ ಜತೆಗೇ ಬರಬೇಕು: ಫಿಲ್ಟರ್ ಸರಿಯಿಲ್ಲದಿದ್ದರೆ ಎಸ್‌ಟಿ ಭಾಗವೇ ಏರಿದಂತೆಯೋ ಇಳಿದಂತೆಯೋ ಕಾಣಬಹುದು, ಮತ್ತು ಹೃದಯಾಘಾತವೋ ಅಲ್ಲವೋ ಎಂಬ ತೀರ್ಮಾನ ಹಲವು ಸಲ ನಿಂತಿರುವುದೇ ಒಂದೆರಡು ಮಿಲಿಮೀಟರಿನ ಆ ಏರಿಕೆಯ ಮೇಲೆ.

ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯ ಈ ದಾರಿಯಲ್ಲಿ ಬಹುದೂರ ಹೋಗಿದೆ. ಸಣ್ಣ ಊರುಗಳ ಆರೋಗ್ಯ ಕೇಂದ್ರಗಳಿಂದ ದೂರದ ತಜ್ಞರಿಗೆ ಇಸಿಜಿ ಕಳಿಸುವ ಜಾಲವೊಂದು ಅಲ್ಲಿದೆ. ಅದು ಗೆರೆಯ ಚಿತ್ರಕ್ಕೆ ತೃಪ್ತಿಪಡದೆ ಅಂಕಿಗಳನ್ನೇ ಜೋಪಾನ ಮಾಡಿದ್ದರಿಂದ, 20 ಲಕ್ಷಕ್ಕೂ ಮೀರಿದ ಇಸಿಜಿಗಳನ್ನಿಟ್ಟುಕೊಂಡು ಕಂಪ್ಯೂಟರಿಗೆ ರೋಗ ಗುರುತಿಸಲು ಕಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬಳಿಕ ಅದೇ ದಾಖಲೆಗಳನ್ನು ಮರಣದ ವಿವರಗಳಿಗೂ ಜೋಡಿಸಿ ನೋಡಿದರು. ಚಿಕಿತ್ಸೆಗೆಂದು ತೆಗೆದ ಇಸಿಜಿಯೇ ಸಂಶೋಧನೆಗೂ ಒದಗಿತು.

ನಮ್ಮಲ್ಲೂ ಅಂಥ ಜಾಲ ಇದೆ ಎನ್ನುವುದೇ ನನ್ನ ಆಸೆಗೂ ಆತಂಕಕ್ಕೂ ಕಾರಣ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಜ್ಞರ ಜತೆ ಬೆಸೆದರು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳಿಗೆ ಹೋಗುತ್ತದೆ. ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕಿನಲ್ಲೇ ಉಚಿತವಾಗಿ ಸಿಗುತ್ತದೆ. ಜೀವ ಉಳಿಸುವ ಮಟ್ಟಿಗೆ ಇದು ದೊಡ್ಡ ಕೆಲಸ. ಆದರೆ ಅಂಕಿಗಳೂ ಉಳಿಯುತ್ತಿವೆಯೇ ಎಂಬುದೇ ನನ್ನ ಆತಂಕ. 2025ರ ಮಧ್ಯದಲ್ಲಿ ಹಾಸನದಿಂದ ಸಾಲು ಸಾಲು ಹಠಾತ್ ಸಾವಿನ ಸುದ್ದಿ ಬಂದಾಗ ಜಯದೇವದ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಹೃದಯದ ಕಾಯಿಲೆ ನಿಜಕ್ಕೂ ಹೆಚ್ಚಿದೆಯೇ? ಪರಿಶೀಲನೆಗೆ ಸರಕಾರ ತಜ್ಞರ ಸಮಿತಿ ಮಾಡಬೇಕಾಯಿತು. ಇಂಥ ಪ್ರಶ್ನೆ ಮತ್ತೆ ಎದುರಾದಾಗ ಹತ್ತು ವರ್ಷದ ಹಿಂದಿನ ಇಸಿಜಿಗಳು ಹೋಲಿಸಿ ನೋಡುವ ರೂಪದಲ್ಲಿ ಕೈಗೆ ಸಿಗಬೇಕು. 2004ರ ಇಂಟರ್‌ಹಾರ್ಟ್ ಅಧ್ಯಯನದ ದತ್ತಾಂಶದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ವಯಸ್ಸು ಸುಮಾರು 53. ಉಳಿದ ದೇಶಗಳವರಿಗೆ ಸುಮಾರು 59. ಹಾಗಾಗಿ ಜರ್ಮನಿ, ಅಮೆರಿಕದವರ ಹೃದಯ ನೋಡಿ ಕಲಿತ ತಂತ್ರಾಂಶವನ್ನು ನಮ್ಮವರ ಇಸಿಜಿಯ ಮೇಲೆ ಪರೀಕ್ಷಿಸದೆ ಒಪ್ಪಿಕೊಳ್ಳುವುದು ಸರಿಯಲ್ಲ.

ಗೋಪ್ಯತೆಯ ಅಳುಕು ನ್ಯಾಯವಾದದ್ದೇ. ಹೆಸರು ಕಿತ್ತರೆ ಸಾಲದು, ಬೇರೆ ದಾಖಲೆಯೊಂದಿಗೆ ಹೋಲಿಸಿದರೆ ಇಸಿಜಿಯಿಂದಲೇ ವ್ಯಕ್ತಿಯನ್ನು ಗುರುತಿಸಬಹುದು. ಬಾಸ್ಟನ್ನಿನವರು ಈಚೆಗೆ ಹೊರತಂದ ಸುಮಾರು 8 ಲಕ್ಷ ಇಸಿಜಿಗಳ ಸಂಗ್ರಹದಲ್ಲಿ ದಿನಾಂಕಗಳನ್ನೆಲ್ಲ ಸರಿಸಿದ್ದಾರೆ. ಒಬ್ಬರದೇ ಎರಡು ಇಸಿಜಿಗಳ ನಡುವಿನ ಅಂತರ ಮಾತ್ರ ಹಾಗೇ ಉಳಿದಿದೆ. ಬಳಸುವವರು ಒಪ್ಪಂದಕ್ಕೆ ಬದ್ಧರಾಗಬೇಕು ಎಂಬ ಷರತ್ತೂ ನಮಗೆ ಬೇಕು.

ಉಳಿದದ್ದು ಖರೀದಿಯ ಮೇಜಿನ ಮೇಲಿನ ಕೆಲಸ. ಅಂಕಿಗಳನ್ನು ಡೈಕಾಮ್ ಅಥವಾ ಎಸ್‌ಸಿಪಿ ರೂಪದಲ್ಲಿ ಕೊಡದ ಇಸಿಜಿ ಯಂತ್ರವನ್ನು ಸರಕಾರಿ ಆಸ್ಪತ್ರೆ ಕೊಳ್ಳಬಾರದು. ಗುತ್ತಿಗೆ ಕಂಪನಿ ಬದಲಾದರೂ ಹಳೆಯ ಕಡತ ಆಸ್ಪತ್ರೆಯ ಬಳಿಯೇ ಇರಬೇಕು. ಇನ್ನೊಂದು, ತೀರಾ ಸಣ್ಣದೆನಿಸುವ ವಿಷಯ. ಎದೆನೋವಿನವರು ಸಾಲಾಗಿ ಬರುತ್ತಿದ್ದರೆ ಟೆಕ್ನಿಷಿಯನ್ನಿಗೆ ಯಂತ್ರದ ಪುಟ್ಟ ಕೀಲಿಗಳನ್ನು ಒತ್ತಿ ಹೆಸರು, ವಯಸ್ಸು ತುಂಬಲು ಪುರಸೊತ್ತಿರುವುದಿಲ್ಲ. ಇಸಿಜಿ ತೆಗೆದಾದ ಮೇಲೆ ಕಾಗದದ ಮೇಲೆ ಪೆನ್ನಿನಲ್ಲಿ ಬರೆದುಬಿಡುತ್ತಾರೆ. ಕಾಗದಕ್ಕೆ ಹೆಸರು ಬಂತು, ಒಳಗಿನ ಕಡತ ಅನಾಮಧೇಯವಾಗಿ ಉಳಿಯಿತು. ಅದನ್ನು ಮುಂದೆ ಯಾರ ಚಿಕಿತ್ಸೆಗೂ ಜೋಡಿಸಲಾಗದು. ನೋಂದಣಿ ಚೀಟಿಯ ಕ್ಯುಆರ್ ಕೋಡನ್ನೋ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆಯನ್ನೋ ಓದಿಕೊಳ್ಳುವ ಸ್ಕ್ಯಾನರನ್ನು ಪ್ರತಿ ಇಸಿಜಿ ಯಂತ್ರದ ಜತೆಗೇ ಕೊಡಬೇಕೆಂದು ಟೆಂಡರಿನಲ್ಲಿ ಬರೆದರೆ ಈ ಕೊರತೆ ನೀಗುತ್ತದೆ.