ಬೆಂಕಿ ಕಾಣದ ನೆಲ

ಶಹಾಬಾದ್ ದಾಟಿ ವಾಡಿಯ ಕಡೆ ಹೊರಟರೆ ತೊಗರಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ನೆಲ ಬಾಯಿ ತೆರೆದುಕೊಳ್ಳುತ್ತದೆ. ಮೇಲಿನ ಎರೆಮಣ್ಣು ಸರಿಸಿದ ಕಡೆಯಲ್ಲೆಲ್ಲ ಕಲ್ಲು. ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಮಲಗಿರುವ ಬೂದು, ನಸುನೀಲಿ, ಅಲ್ಲಲ್ಲಿ ಹಳದಿ ಬೆರೆತ ಪದರಗಳು. ಈ ಸೀಮೆಯವರು ಇದನ್ನು ಪರ್ಸಿ ಅನ್ನುತ್ತಾರೆ. ಇಲ್ಲಿ ಮನೆಯ ನೆಲಕ್ಕೂ ಅದೇ, ಮಾಳಿಗೆಗೂ ಅದೇ, ಹಿತ್ತಲ ಗೋಡೆಗೂ ಅದೇ. ಬಟ್ಟೆ ಒಗೆಯುವುದೂ ಅದರ ಮೇಲೆಯೇ.

ಹುಷಾರಾಗಿ ಕೆಳಗಿಳಿಯಿರಿ, ಪುಡಿಗಲ್ಲು ಜಾರುತ್ತದೆ. ಹಳಿಯ ಮೇಲೆ ಓಡುವ ಕಟಿಂಗ್ ಯಂತ್ರ ಗಣಿಯ ತಳದುದ್ದಕ್ಕೂ ಗೆರೆ ಕೊಯ್ಯುತ್ತ ಸಾಗುತ್ತದೆ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಕೊಯ್ದು ಮುಗಿಸುವಷ್ಟರಲ್ಲಿ ಬಿಸಿಲಲ್ಲಿ ದೊಡ್ಡದೊಂದು ಚೌಕಾಬಾರದ ಮನೆ ಮೂಡಿರುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ತಲೆಗೆ ಟವೆಲ್ ಸುತ್ತಿದ ಕೆಲಸಗಾರ ಕುಕ್ಕರುಗಾಲಲ್ಲಿ ಕೂತು, ಪದರದ ಸಂದು ಹುಡುಕಿ, ಚಾಣವಿಟ್ಟು ಮೆಲ್ಲಗೆ ನಾಲ್ಕು ಏಟು ಹಾಕುತ್ತಾನೆ. ಒಂದು ಸಣ್ಣ ಚಟ್ ಸದ್ದು. ಹಾರೆಯ ತುದಿ ಒಳಹೋಗುತ್ತದೆ, ಹಾಸು ಇಡಿಯಾಗಿ ಮೇಲೇಳುತ್ತದೆ. ಎಬ್ಬಿಸಿದ ಕಲ್ಲಿಗೆ ಸುತ್ತಿಗೆಯ ಹಿಂಬದಿಯಿಂದ ಬಡಿದು ಅವನು ಕಿವಿಗೊಡುತ್ತಾನೆ. "ಟಣ್ ಅಂದ್ರ ಒಯ್ರಿ. ಧಪ್ ಅಂದ್ರ ಒಳಗ ಬಿರುಕು ಅದ, ರೊಕ್ಕ ಕೊಡಬ್ಯಾಡ್ರಿ." ಕಲ್ಲು ಕೊಳ್ಳಲು ಹೋದವರಿಗೆ ಇಷ್ಟು ಗೊತ್ತಿದ್ದರೂ ಅರ್ಧ ವಿದ್ಯೆ ಬಂದ ಹಾಗೆ.

ಈ ಪದರಗಳು 50 ಕೋಟಿ ವರ್ಷಗಳಿಗೂ ಹಿಂದೆ, ಇಲ್ಲೊಂದು ಆಳವಿಲ್ಲದ ಕಡಲಿದ್ದಾಗ, ಅದರ ತಳದಲ್ಲಿ ಸುಣ್ಣದ ಕೆಸರು ನಿಧಾನವಾಗಿ ಕೂತು ಗಟ್ಟಿಯಾದವು. ಅಂದರೆ ನಾವು ಮೇಸ್ತ್ರಿಗೆ ಕೂಲಿ ಕೊಟ್ಟು ಮಟ್ಟ ಮಾಡಿಸುವ ಕೆಲಸವನ್ನು ನೀರು ಆಗಲೇ ಮಾಡಿ ಮುಗಿಸಿತ್ತು. ತಲೆ ಎತ್ತಿದರೆ ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಅಲ್ಲಿಗೆ ಹೋಗುವುದೂ ಇದೇ ಜಾತಿಯ ಸುಣ್ಣಕಲ್ಲು. ಅದನ್ನು ಪುಡಿ ಮಾಡಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಸಿಮೆಂಟಿನ ಕ್ಲಿಂಕರ್ ಆಗುತ್ತದೆ. ಶುದ್ಧ ಸುಣ್ಣಕಲ್ಲು 100 ಕೆ.ಜಿ. ಸುಟ್ಟರೆ ಅದರೊಳಗಿಂದಲೇ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಅದೇ ಕಲ್ಲನ್ನು ಸುಡದೆ ಮನೆಗೆ ಹಾಸಿದರೆ ಆ ಇಂಗಾಲ ನಿಮ್ಮ ಪಾದದಡಿಯಲ್ಲೇ ಉಳಿಯುತ್ತದೆ. ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡು ಬರುವ ಎಷ್ಟೋ ಸಾಮಾನುಗಳಿಗಿಂತ ಇದು ನನಗೆ ಹೆಚ್ಚು ನಂಬಿಕೆಯ ಮಾತು.

ವಿಟ್ರಿಫೈಡ್ ಟೈಲ್ಸ್ ಅಂಗಡಿಯ ಥಳಥಳಕ್ಕೆ ಮನಸ್ಸು ಸೋಲುವುದು ಸಹಜ. ಆದರೆ ಅದು ಸುಮಾರು 1,200 ಡಿಗ್ರಿಯ ಕುಲುಮೆಯಲ್ಲಿ ಬೆಂದು, ಬಹುಪಾಲು ಗುಜರಾತಿನ ಮೋರ್ಬಿಯಿಂದ ಲಾರಿ ಹತ್ತಿ ಬಂದದ್ದು. ಅಂಟಿಸುವ ವಿನೈಲ್ ಹಾಳೆ ಅಗ್ಗ, ನಿಜ. ಕಿತ್ತ ದಿನ ಅದು ಪ್ಲಾಸ್ಟಿಕ್ ಕಸ. ಹಾಗಂತ ಎಲ್ಲರೂ ಪರ್ಸಿಯೇ ತರಿಸಿ ಎಂದೂ ಹೇಳಲಾರೆ. ಎರಡಡಿ ಚೌಕದ, ಒಂದು ಇಂಚು ದಪ್ಪದ ಒಂದು ಹಾಸು ಸುಮಾರು 24 ಕೆ.ಜಿ. ತೂಗುತ್ತದೆ, ಅದನ್ನು ಮಂಗಳೂರಿಗೆ ಹೊತ್ತೊಯ್ದರೆ ಉಳಿಸಿದ್ದರಲ್ಲಿ ಒಂದು ಪಾಲನ್ನು ಡೀಸೆಲ್ ತಿನ್ನುತ್ತದೆ. ಕರಾವಳಿಯವರಿಗೆ ಊರ ಜೇಡಿಯ ಟೈಲ್ಸ್ ಇದೆ, ಸುಟ್ಟದ್ದೇ ಆದರೂ ಹತ್ತಿರದ್ದು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಆತ್ತಂಗುಡಿಯವರು ಗಾಜಿನ ಮೇಲೆ ಬಣ್ಣ ಹುಯ್ದು, ಮರಳು ಸಿಮೆಂಟು ತುಂಬಿ, ನೀರಲ್ಲಿಟ್ಟು ಹದಗೊಳಿಸುತ್ತಾರೆ; ಸಿಮೆಂಟ್ ಇದ್ದರೂ ಕುಲುಮೆಯ ಹಂಗಿಲ್ಲ. ಹಳೆಯ ಕೆಂಪು ಗಾರೆ ನೆಲವೂ ಹಾಗೆಯೇ, ಅದನ್ನು ನಯವಾಗಿ ಉಜ್ಜಬಲ್ಲ ಕೈ ಸಿಕ್ಕರೆ.

ಪರ್ಸಿ ಕೂರಿಸುವುದನ್ನು ನೋಡುವುದೇ ಒಂದು ಸುಖ. ಗಾರೆ ಹರವಿ, ಇಬ್ಬರು ಹಿಡಿದು ಇಳಿಸಿ, ಮರದ ಕೊಡತಿಯಿಂದ ನಡುವೆ, ಮೂಲೆಗೆ, ಮತ್ತೆ ನಡುವೆ ತಟ್ಟಿ, ದಾರ ಎಳೆದು ಒಂದು ಕಣ್ಣು ಮುಚ್ಚಿ ಮಟ್ಟ ನೋಡುತ್ತಾರೆ. ಹೊಸ ನೆಲ ಮಂಕಾಗಿರುತ್ತದೆ. ವರ್ಷಗಟ್ಟಲೆ ಓಡಾಡಿದ ಕಾಲುಗಳೇ ಅದಕ್ಕೆ ಹೊಳಪು ಕೊಡಬೇಕು. 40 ಡಿಗ್ರಿ ದಾಟಿದ ಕಲಬುರಗಿಯ ಮಧ್ಯಾಹ್ನ, ನೀರಿನ ಬಟ್ಟೆ ಆಡಿಸಿದ ಪರ್ಸಿಯ ಮೇಲೆ ಚಾಪೆಯೂ ಇಲ್ಲದೆ ಬೆನ್ನು ಚೆಲ್ಲಿದವರಿಗೆ ಅದರ ಬೆಲೆ ಗೊತ್ತು.

ಕುಂದೂ ಇದೆ. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆ ನೀರು ಬಿದ್ದರೆ ಬಿಳಿ ಕಲೆ ಉಳಿಯುತ್ತದೆ. ಆಸಿಡ್ ಹಾಕಿ ತೊಳೆದರಂತೂ ಮೈಯೇ ಕಿತ್ತುಬರುತ್ತದೆ. ಅದಕ್ಕೇ ಒಲೆಯ ಕಟ್ಟೆಗೆ ಬೇಡ, ಬಚ್ಚಲಿಗೂ ಯೋಚಿಸಿ. ಇನ್ನು ಗಣಿಯ ಪಾಡು. ಒಡೆದ ಚೂರುಗಳ ಗುಡ್ಡೆ ರಸ್ತೆಯುದ್ದಕ್ಕೂ ಬಿದ್ದಿವೆ, ಕೈಬಿಟ್ಟ ಹೊಂಡಗಳಲ್ಲಿ ಮಳೆನೀರು ನಿಂತಿದೆ, ದೂಳಿನ ನಡುವೆ ದುಡಿಯುವವರ ಬಾಯಿಗೆ ಬರೀ ಟವೆಲಿನ ಅಂಚು. ನೆಲದಿಂದ ತೆಗೆದದ್ದು ಯಾವುದೂ ಪೂರ್ತಿ ಹಸಿರಲ್ಲ.

ಹಾಗಾಗಿ ಹೊಸದಾಗಿ ಕಲ್ಲು ಎಬ್ಬಿಸುವ ಮೊದಲು ನಿಮ್ಮೂರಿನಲ್ಲಿ ಕೆಡವುತ್ತಿರುವ ಹಳೆಯ ಮನೆಗಳ ಕಡೆ ಒಮ್ಮೆ ಹೋಗಿ ಬನ್ನಿ. ಸುಣ್ಣದ ಗಾರೆಯಲ್ಲೋ ಮಣ್ಣಲ್ಲೋ ಕೂರಿಸಿದ ಹಾಸುಗಳು ಹಾರೆ ಹಾಕಿದರೆ ಇಡಿಯಾಗಿ ಏಳುತ್ತವೆ. ಬಡಿದು ನೋಡಿ, ಟಣ್ ಅಂದದ್ದನ್ನು ಆರಿಸಿ ತನ್ನಿ. ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಹೊಸದು ಕೊಳ್ಳಿ.