ಹೇಳಿಕೊಳ್ಳಲಾಗದ ನೋವಿಗೂ ಮದ್ದುಂಟು

ಐರೋಲಿ: ಬೆಳಗ್ಗೆ ಎಂಟರ ಹೊತ್ತಿಗೆ ಐರೋಲಿ ನಿಲ್ದಾಣದಲ್ಲಿ ಥಾಣೆ ಕಡೆಗೂ ವಾಶಿ ಕಡೆಗೂ ಹೋಗುವ ಲೋಕಲಿಗೆ ಕಾಯುವ ಹೆಂಗಸರ ನಡುವೆ ಕನ್ನಡ, ತುಳು ಮಾತು ಕಿವಿಗೆ ಬೀಳುವುದು ಹೊಸತೇನಲ್ಲ. ಮಕ್ಕಳ ಪರೀಕ್ಷೆ, ಊರಿನ ನೇಮ, ಸಂಘದ ಅರಸಿನ ಕುಂಕುಮ, ತರಕಾರಿಯ ಬೆಲೆ ಎಲ್ಲವೂ ಅಲ್ಲಿ ಮಾತಿಗೆ ಬರುತ್ತದೆ. ಮಂಡಿನೋವು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೂಡ ಬರುತ್ತದೆ. ಬಾರದಿರುವುದು ಒಂದೇ. ಸೊಂಟದ ಕೆಳಗೆ, ಒಳಗಡೆ ಯಾರೋ ಮುಷ್ಟಿ ಬಿಗಿದು ಹಿಡಿದಂತಾಗುವ ನೋವು. ಕುಳಿತರೆ ನೋವು, ಮೂತ್ರಕ್ಕೆ ಹೋದರೆ ಉರಿ, ಗಂಡನ ಜೊತೆ ಸೇರುವಾಗ ಜೀವ ಹೋಗುವಷ್ಟು ನೋವು.

ಇದನ್ನು ಅಮ್ಮನಿಗೆ ಹೇಳಿದರೆ "ಹೆತ್ತವರಿಗೆ ಇದೆಲ್ಲ ಇದ್ದದ್ದೇ ಮಗಾ, ಸಹಿಸಿಕೋ" ಎಂಬ ಉತ್ತರ ಸಿಗುತ್ತದೆ. ಅತ್ತೆಗೆ ಹೇಳುವಂತಿಲ್ಲ. ಗಂಡನಿಗೆ ಹೇಳಿದರೆ ಮನಸ್ಸಿಲ್ಲದೆ ನೆಪ ಹೇಳುತ್ತಾಳೆಂದು ತಿಳಿದಾನು ಎಂಬ ಅಂಜಿಕೆ. ಹೀಗೆ ವರ್ಷಗಟ್ಟಲೆ ನುಂಗಿಕೊಂಡು ಬರುವ ಈ ನೋವು ಬಹಳ ಸಲ ಗರ್ಭಕೋಶದ ರೋಗವೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಅದು ಸ್ನಾಯುವಿನ ಸೆಳೆತ. ಕಾಲಿನ ಮೀನಖಂಡ ಹಿಡಿದುಕೊಳ್ಳುವ ಹಾಗೆಯೇ ಒಳಗಿನ ಸ್ನಾಯುವೂ ಹಿಡಿದುಕೊಳ್ಳುತ್ತದೆ.

ಜೋಲಿಯಂಥ ಸ್ನಾಯು

ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದೆಲುಬಿನವರೆಗೆ ಜೋಲಿ ಕಟ್ಟಿದಂತೆ ಹರಡಿಕೊಂಡಿರುವ ಸ್ನಾಯುಗಳನ್ನು ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರನ್ನೂ ಹೊತ್ತು ನಿಂತಿರುವುದು ಇದೇ ಜೋಲಿ. ಮೂತ್ರ, ಮಲ ಹೋಗುವಾಗ ಇದು ಸಡಿಲವಾಗಬೇಕು, ಉಳಿದ ಹೊತ್ತು ಹಿಡಿದಿರಬೇಕು. ಸಡಿಲವಾಗುವುದನ್ನೇ ಮರೆತು ಸದಾ ಬಿಗಿದುಕೊಂಡರೆ ತೊಂದರೆ ಶುರು.

ಕಾರಣಗಳು ಹಲವು. ಹೆರಿಗೆಯಲ್ಲಿ ಹರಿದು ಹೊಲಿಗೆ ಬಿದ್ದ ಜಾಗ, ಪದೇಪದೇ ಬರುವ ಮೂತ್ರದ ಸೋಂಕು, ಎಂಡೊಮೆಟ್ರಿಯೋಸಿಸ್, ಹಳೆಯ ಶಸ್ತ್ರಚಿಕಿತ್ಸೆ, ಮಲಬದ್ಧತೆ, ಹಿಂದೆ ಅನುಭವಿಸಿದ ಬಲಾತ್ಕಾರ ಅಥವಾ ಭಯ. ಮೂತ್ರ ತಡೆದುಕೊಳ್ಳುವ ಅಭ್ಯಾಸವನ್ನೂ ವೈದ್ಯರು ಈ ಪಟ್ಟಿಗೆ ಸೇರಿಸುತ್ತಾರೆ. ಮುಂಬಯಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಬಿಟ್ಟರೆ ಕಚೇರಿ ಸೇರುವ ತನಕ ಶೌಚಾಲಯವಿಲ್ಲ, ಇದ್ದರೂ ಒಳಗೆ ಕಾಲಿಡುವಂತಿಲ್ಲ. 2011ರಲ್ಲಿ ಇದೇ ಮಹಾನಗರದಲ್ಲಿ ಮಹಿಳೆಯರು ಉಚಿತ, ಶುಚಿಯಾದ ಮೂತ್ರಾಲಯಕ್ಕಾಗಿ 'ರೈಟ್ ಟು ಪೀ' ಚಳವಳಿ ಆರಂಭಿಸಬೇಕಾಗಿ ಬಂದದ್ದು ಇದೇ ಕಾರಣದಿಂದ.

ಇನ್ನೊಂದು ಎಚ್ಚರಿಕೆಯ ಮಾತು. 1948ರಲ್ಲಿ ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ ಹೇಳಿಕೊಟ್ಟ, ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಈಗ ಎಲ್ಲರ ಬಾಯಲ್ಲೂ ಇದೆ. ಹೆರಿಗೆಯ ನಂತರ ಸ್ನಾಯು ಸಡಿಲಗೊಂಡು, ಕೆಮ್ಮಿದರೆ ಮೂತ್ರ ಸೋರುವವರಿಗೆ ಅದು ಒಳ್ಳೆಯದು. ಆದರೆ ಮೊದಲೇ ಬಿಗಿದು ನೋಯುವ ಸ್ನಾಯುವನ್ನು ಮತ್ತಷ್ಟು ಬಿಗಿದರೆ ನೋವು ಹೆಚ್ಚಾದೀತು. ಇವರಿಗೆ ಬೇಕಾದದ್ದು ಸಡಿಲಗೊಳಿಸುವ ಅಭ್ಯಾಸ. ಆದುದರಿಂದ ನೆರೆಮನೆಯವರ ವ್ಯಾಯಾಮವನ್ನು ನೋಡಿ ಮಾಡುವುದು ಬೇಡ.

ಕಂಪೌಂಡರ್ ಕಾಲದ ಮದ್ದು

ಈ ಸೆಳೆತಕ್ಕೆ ಕೆಲವು ವೈದ್ಯರು ಬರೆಯುವ ಮದ್ದುಗಳಲ್ಲಿ ಒಂದು, ಯೋನಿಯೊಳಗೆ ಇಡುವ ಸಪೋಸಿಟರಿ. ಮಕ್ಕಳಿಗೆ ಜ್ವರ ಏರಿದಾಗ ಗುದದ್ವಾರದಲ್ಲಿ ಇಡುವ ಮೇಣದಂಥ ಗುಳಿಗೆಯನ್ನು ಕಂಡ ತಾಯಂದಿರಿಗೆ ಇದರ ರೂಪ ಗೊತ್ತು. ನಮ್ಮ ದೇಶಕ್ಕೆ ಈ ಉಪಾಯ ಹೊಸತೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 20 ಬಗೆಯ ಯೋನಿರೋಗಗಳನ್ನು ಹೇಳುವ ಅಧ್ಯಾಯವೇ ಇದೆ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಪಿಚು, ಮದ್ದಿನ ವರ್ತಿ ಇವೆಲ್ಲ ಅಲ್ಲಿಯ ಚಿಕಿತ್ಸೆಗಳೇ.

ಇಂದಿನ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಡಯಾಜೆಪಾಮ್ ಅಥವಾ ಬ್ಯಾಕ್ಲೊಫೆನ್. ಡಯಾಜೆಪಾಮ್ 1963ರಲ್ಲಿ ವೇಲಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ, ನಿದ್ದೆ ಮತ್ತು ಸಮಾಧಾನಕ್ಕೆ ಕೊಡುವ ಹಳೆಯ ಮಾತ್ರೆ. ಬ್ಯಾಕ್ಲೊಫೆನ್ ನರದ ಕಾಯಿಲೆಯಲ್ಲಿ ಕೈಕಾಲು ಸೆಟೆದುಕೊಳ್ಳುವವರಿಗೆ ಕೊಡುವ ಮದ್ದು. ಎರಡೂ ಸ್ನಾಯುವನ್ನು ಸಡಿಲಗೊಳಿಸುತ್ತವೆ. ನೋಯುವ ಜಾಗದ ಹತ್ತಿರವೇ ಇಟ್ಟರೆ ಅಲ್ಲಿಯೇ ಕೆಲಸ ಮಾಡೀತು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಆದರೆ ಐರೋಲಿಯ ಯಾವ ಸೆಕ್ಟರಿನ ಔಷಧದಂಗಡಿಗೆ ಹೋಗಿ ಕೇಳಿದರೂ ಇದು ಕಪಾಟಿನಿಂದ ತೆಗೆದುಕೊಡುವ ಸಿದ್ಧ ಮಾಲಲ್ಲ. ವೈದ್ಯರು ಚೀಟಿ ಬರೆದ ಮೇಲೆ, ಆ ಒಬ್ಬ ರೋಗಿಗೆಂದೇ ಫಾರ್ಮಸಿಸ್ಟ್ ಕೈಯಾರೆ ಮಾಡಿಕೊಡಬೇಕಾದದ್ದು. ಇದಕ್ಕೇ ಕಂಪೌಂಡಿಂಗ್ ಎನ್ನುವುದು.

ಐವತ್ತು ದಾಟಿದವರಿಗೆ ಈ ಪದ ಹೊಸತಲ್ಲ. ಹಿಂದೆ ದವಾಖಾನೆಗೆ ಹೋಗುವಾಗ ಮನೆಯಿಂದಲೇ ಖಾಲಿ ಬಾಟಲಿ ಒಯ್ಯಬೇಕಿತ್ತು. ಡಾಕ್ಟರು ಚೀಟಿ ಬರೆದರೆ ಒಳಗಿನ ಕಿಟಕಿಯ ಹಿಂದಿದ್ದ ಕಂಪೌಂಡರ್ ಎರಡು ಮೂರು ದೊಡ್ಡ ಜಾಡಿಗಳಿಂದ ಅಳೆದು ಕೆಂಪು ಮಿಕ್ಸ್‌ಚರ್ ಕಲಸಿ, ಎಷ್ಟೆಷ್ಟು ಕುಡಿಯಬೇಕೆಂದು ತಿಳಿಯಲು ಕತ್ತರಿಯಿಂದ ಕಚ್ಚು ಮಾಡಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸಿ ಕೊಡುತ್ತಿದ್ದರು. ಕಾರ್ಖಾನೆಯ ಸ್ಟ್ರಿಪ್ ಮಾತ್ರೆಗಳು ಬಂದವು, ಕಂಪೌಂಡರ್ ಮರೆಯಾದರು. ವಿದ್ಯೆ ಮಾತ್ರ ಮರೆಯಾಗಿಲ್ಲ. ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಇಂದಿಗೂ ಅಚ್ಚಿನಲ್ಲಿ ಸಪೋಸಿಟರಿ ಎರಕ ಹೊಯ್ಯುವುದನ್ನು ಕಲಿಯುತ್ತಾರೆ.

ಪುತ್ತೂರಿನ ಕೊಕ್ಕೊ, ಬೆಣ್ಣೆಯ ಲೆಕ್ಕ

ಈ ಗುಳಿಗೆಯ ಮೈ ಹೆಚ್ಚಾಗಿ ಕೊಕ್ಕೊ ಬೆಣ್ಣೆಯದು. ಕರಾವಳಿಯವರಿಗೆ ಕೊಕ್ಕೊ ಅಡಿಕೆ ತೋಟದ ಒಡನಾಡಿ. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಿದ್ದು ಗೊತ್ತೇ ಇದೆ. ಅಲ್ಲಿ ಕೊಕ್ಕೊ ಬೀಜದಿಂದ ತೆಗೆಯುವ ಬೆಣ್ಣೆಯ ಜಾತಿಯದೇ, ಔಷಧದ ದರ್ಜೆಗೆ ಶುದ್ಧಗೊಳಿಸಿದ್ದು, ಸಪೋಸಿಟರಿಗೂ ಬಳಕೆಯಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದೊಂದು ಅಪವಾದ ಎನ್ನಲಡ್ಡಿಯಿಲ್ಲ.

ಕೊಕ್ಕೊ ಬೆಣ್ಣೆಯ ಗುಣವೆಂದರೆ ಹೊರಗೆ ಗಟ್ಟಿ, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು. ದೇಹದ ಶಾಖ 37. ಒಳಗಿಟ್ಟ ಸ್ವಲ್ಪ ಹೊತ್ತಿನಲ್ಲಿ ಕರಗಿ ಮದ್ದು ಬಿಡುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನವಿಮುಂಬಯಿಯ ಅಡುಗೆಮನೆಯೂ ಅಷ್ಟೇ ಬಿಸಿ. ಔಷಧದಂಗಡಿಯಿಂದ ಮನೆಗೆ ತರುವಷ್ಟರಲ್ಲಿ ಕೈಚೀಲದಲ್ಲಿಯೇ ಕರಗಿಹೋದೀತು. ಆದುದರಿಂದ ತಣ್ಣಗಿನ ಡಬ್ಬಿಯಲ್ಲಿ ತಂದು ಫ್ರಿಜ್‌ನಲ್ಲಿ ಇಡಬೇಕಾಗುತ್ತದೆ. ಕರಗುವ ಬದಲು ಒಳಗಿನ ತೇವದಲ್ಲಿ ವಿಲೀನವಾಗುವ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಮೂಲವಸ್ತುಗಳೂ ಇವೆ.

ಮಾಡುವ ಕ್ರಮ ಕೇಳಲು ಸುಲಭ. ಬೆಣ್ಣೆಯನ್ನು ಬಿಸಿನೀರಿನ ಮೇಲೆ ಹದವಾಗಿ ಕರಗಿಸಿ, ಮದ್ದು ಬೆರೆಸಿ, ಅಚ್ಚಿಗೆ ಹೊಯ್ದು, ತಣಿದ ಮೇಲೆ ತೆಗೆದು ಸುತ್ತಿಡುವುದು. ಲೆಕ್ಕ ಮಾತ್ರ ಕಠಿಣ. ತಲಾ 10 ಮಿಲಿಗ್ರಾಂನಂತೆ 12 ಗುಳಿಗೆಗೆ ಬೇಕಾದ ಮದ್ದು ಒಟ್ಟು 120 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಅದು ಹನ್ನೆರಡರಲ್ಲೂ ಸಮನಾಗಿ ಹಂಚಿಹೋಗಬೇಕು. ಸರಿಯಾಗಿ ಬೆರೆಯದಿದ್ದರೆ ಒಂದರಲ್ಲಿ ಏನೂ ಇಲ್ಲದೆ ಇನ್ನೊಂದರಲ್ಲಿ ಮೂರು ಪಾಲು ಕುಳಿತೀತು. ದಶಾಂಶದ ಚುಕ್ಕೆ ಒಂದು ಮನೆ ಆಚೀಚೆಯಾದರೆ ಹತ್ತು ಪಟ್ಟು. ಇಲ್ಲಿ ತಪ್ಪಿದರೆ ಮರುದಿನ ತಿದ್ದಿ ಬರೆಯುವ ಅವಕಾಶವಿಲ್ಲ.

ಮುಂಬಯಿ ಕಲಿತ ಪಾಠ

ಈ ಎಚ್ಚರ ಯಾಕೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1986ರ ಆರಂಭದಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆಯ ಗ್ಲಿಸರಿನ್ ಕೊಟ್ಟ 14 ಮಂದಿ ರೋಗಿಗಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಇದರ ವಿಚಾರಣೆ ನಡೆಸಿತು. ಗ್ಲಿಸರಿನ್ ಇಂದಿಗೂ ಸಪೋಸಿಟರಿಗಳಿಗೆ ಬಳಸುವ ವಸ್ತು ಎಂಬುದು ಗಮನಾರ್ಹ. ಅಮೆರಿಕದಲ್ಲಿಯೂ 2012ರಲ್ಲಿ ಒಂದು ಕಂಪೌಂಡಿಂಗ್ ಕೇಂದ್ರದ ಚುಚ್ಚುಮದ್ದಿಗೆ ಬೂಷ್ಟು ಸೇರಿ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, 60ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು.

ನಮ್ಮಲ್ಲಿಯೂ ಕಾನೂನಿದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಮದ್ದು ಕಲಸಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್, ಅಂಗಡಿಯ ಹುಡುಗನಲ್ಲ. ಡಯಾಜೆಪಾಮ್ 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್-1 ಪಟ್ಟಿಯಲ್ಲಿರುವ ಮದ್ದು. ಇದನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹೆಸರು ಬರೆಯುತ್ತಾರೆಂದು ನಾಚಿಕೊಂಡು ಚೀಟಿಯಿಲ್ಲದೆ ಕೊಡುವ ಅಂಗಡಿ ಹುಡುಕುವವರಿದ್ದಾರೆ. ಆ ರಿಜಿಸ್ಟರು ಇರುವುದು ರೋಗಿಯ ರಕ್ಷಣೆಗೇ ಎಂಬುದನ್ನು ಮರೆಯಬಾರದು.

ಗುಣ ಎಷ್ಟು, ತೊಂದರೆ ಎಷ್ಟು

ಈ ಗುಳಿಗೆ ಪವಾಡವಲ್ಲ. 2010ರಲ್ಲಿ ಅಮೆರಿಕದಲ್ಲಿ 26 ಮಹಿಳೆಯರ ಚಿಕಿತ್ಸೆಯ ದಾಖಲೆ ನೋಡಿದಾಗ ಹೆಚ್ಚಿನವರಿಗೆ ಗುಣ ಕಂಡಿತ್ತು. ಆದರೆ ಅವರಿಗೆ ಜೊತೆಜೊತೆಗೆ ಫಿಸಿಯೊಥೆರಪಿಯೂ ಚುಚ್ಚುಮದ್ದೂ ನಡೆದಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 21 ಮಹಿಳೆಯರಲ್ಲಿ ಕೆಲವರಿಗೆ ಮದ್ದು, ಕೆಲವರಿಗೆ ಮದ್ದಿಲ್ಲದ ಗುಳಿಗೆ ಕೊಟ್ಟು ನೋಡಿದರೆ ಸ್ನಾಯುವಿನ ಬಿಗಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಎಫ್‌ಡಿಎ ಈ ಉಪಯೋಗಕ್ಕೆಂದು ಇದನ್ನು ಅನುಮೋದಿಸಿಲ್ಲ. ಮುಖ್ಯ ಚಿಕಿತ್ಸೆ ಪೆಲ್ವಿಕ್ ಫ್ಲೋರ್ ಬಲ್ಲ ಫಿಸಿಯೊಥೆರಪಿಸ್ಟರ ಬಳಿ ಕಲಿಯುವ ಸಡಿಲಿಕೆ, ಹೊಟ್ಟೆ ತುಂಬ ಉಸಿರಾಟ, ಉಗುರುಬೆಚ್ಚಗಿನ ನೀರಿನಲ್ಲಿ ಕೂರುವ ಕಟಿಸ್ನಾನ, ಮಲಬದ್ಧತೆ ಆಗದಂಥ ಊಟ. ಗುಳಿಗೆ ಇವುಗಳ ಜೊತೆಗೆ ಕೈಹಿಡಿಯುವ ಆಸರೆ ಮಾತ್ರ.

ಒಳಗಿಟ್ಟ ಮದ್ದು ರಕ್ತಕ್ಕೆ ಸೇರುವುದಿಲ್ಲ ಎಂದುಕೊಳ್ಳಬಾರದು. ಸೇರುತ್ತದೆ, ಮಂಪರು ಬರಿಸುತ್ತದೆ. ಸಾಮಾನ್ಯವಾಗಿ ರಾತ್ರಿ ಮಲಗುವಾಗ ಇಡಲು ಹೇಳುವುದು ಇದಕ್ಕೇ. ಮಂಪರು ಇರುವ ತನಕ ಸ್ಕೂಟರ್ ಬಿಡಬಾರದು. ಮದ್ಯದ ಜೊತೆ ಅಪಾಯ. ನಿದ್ದೆ ಮಾತ್ರೆ, ತೀವ್ರ ನೋವಿನ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕುಡಿಸುವವರು ವೈದ್ಯರಿಗೆ ಮೊದಲೇ ಹೇಳಬೇಕು. ಬಹಳ ಕಾಲ ಬಳಸಿದರೆ ಅಭ್ಯಾಸ ಹಿಡಿಯುವ, ಒಮ್ಮೆಲೆ ಬಿಟ್ಟರೆ ತೊಂದರೆ ಕೊಡುವ ಮದ್ದು ಇದು. ಬೆಣ್ಣೆ, ಎಣ್ಣೆಯ ಅಂಶ ರಬ್ಬರಿನ ನಿರೋಧನ್ನು ಹಾಳುಮಾಡುತ್ತದೆ ಎಂಬುದೂ ತಿಳಿದಿರಬೇಕು. ಬಾಯಿಗೆ ತೆಗೆದುಕೊಳ್ಳುವ ಮಾತ್ರೆಯನ್ನು ತಾವಾಗಿಯೇ ಒಳಗಿಡುವ ಪ್ರಯೋಗ ಖಂಡಿತ ಬೇಡ.

ಎಲ್ಲ ನೋವೂ ಸೆಳೆತವಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸೇರಿದ ನಂತರ ರಕ್ತ ಬಂದರೆ, ಜ್ವರ, ದುರ್ವಾಸನೆಯ ಸ್ರಾವ, ಗಂಟು ಅಥವಾ ಮೂತ್ರ ಕಟ್ಟಿದರೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕಂಠದ ಕ್ಯಾನ್ಸರ್ ಕೂಡ ಹೀಗೆಯೇ ಮೊದಲು ಕಾಣಿಸಿಕೊಳ್ಳಬಹುದು.

ಮಾತು ಎಲ್ಲಿಂದ ತರುವುದು

ಊರು ಬಿಟ್ಟು ಬಂದವರಿಗೆ ಇನ್ನೊಂದು ಕಷ್ಟ ಭಾಷೆಯದು. ಅಂಗಡಿ, ಬಸ್ಸಿನ ಮಟ್ಟಿಗೆ ಮರಾಠಿ, ಹಿಂದಿ ಚೆನ್ನಾಗಿಯೇ ಬರುತ್ತದೆ. ದೇಹದ ಈ ಭಾಗದ ಮಾತು ಮಾತ್ರ ತಾಯಿನುಡಿಯಲ್ಲಿಯೂ ಬಾಯಿಗೆ ಬರುವುದಿಲ್ಲ. ಐರೋಲಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ರಾಜಮಾತಾ ಜಿಜಾವು ಆಸ್ಪತ್ರೆಯಿದೆ. ಎಲ್ಲಿಗೆ ಹೋದರೂ ಕಿಬ್ಬೊಟ್ಟೆಗೆ ಮರಾಠಿಯಲ್ಲಿ 'ಓಟಿಪೋಟ', ಹಿಂದಿಯಲ್ಲಿ 'ಪೇಡೂ' ಎಂದರೆ ವೈದ್ಯರಿಗೆ ತಿಳಿಯುತ್ತದೆ. ಅದಕ್ಕಿಂತ ಕೆಳಗೆ, ಒಳಗೆ ಎಂದು ಕೈಯಿಂದ ತೋರಿಸಿದರೂ ಸಾಕು. ನೋವು ಯಾವಾಗಿನಿಂದ, ಯಾವಾಗ ಹೆಚ್ಚು, ಯಾವ ಯಾವ ಮದ್ದು ನಡೆಯುತ್ತಿದೆ ಎಂದು ಮನೆಯಲ್ಲಿಯೇ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಸಂಕೋಚ ಅಲ್ಲಿಗೇ ಕಳೆಯುತ್ತದೆ. ವೈದ್ಯೆಯೇ ಪರೀಕ್ಷಿಸಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಗಂಡಂದಿರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಹೆಂಡತಿಯ ನೋವು ತನ್ನ ಮೇಲಿನ ಮುನಿಸಲ್ಲ ಎಂಬುದು ವೈದ್ಯರ ಬಾಯಿಂದಲೇ ತಿಳಿಯಲಿ.

ಮುಂಬಯಿ, ನವಿಮುಂಬಯಿಯ ನಮ್ಮ ಸಂಘಸಂಸ್ಥೆಗಳು ಆರೋಗ್ಯ ಶಿಬಿರ ನಡೆಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕಣ್ಣಿನ ತಪಾಸಣೆ, ಸಕ್ಕರೆ, ರಕ್ತದೊತ್ತಡ ಎಲ್ಲವೂ ಇರುತ್ತದೆ. ಮುಂದಿನ ಶಿಬಿರದಲ್ಲಿ ಮಹಿಳಾ ವಿಭಾಗದವರು ಒಂದು ಕೋಣೆಯ ಬಾಗಿಲು ಮುಚ್ಚಿ, ಕನ್ನಡ ಬಲ್ಲ ಒಬ್ಬ ವೈದ್ಯೆಯನ್ನು, ಒಬ್ಬ ಫಿಸಿಯೊಥೆರಪಿಸ್ಟರನ್ನು ಒಳಗೆ ಕೂರಿಸಿದರೆ ಸಾಕು. ಹೇಳಿದರೆ ಮಾನ ಹೋದೀತು ಎಂದು ಇಷ್ಟು ದಿನ ಸುಮ್ಮನಿದ್ದವರಲ್ಲಿ ಒಬ್ಬರು ಆ ಬಾಗಿಲು ತಟ್ಟಿದರೂ ಶಿಬಿರ ಸಾರ್ಥಕ.